ಮೊಹರು ಒಡೆದ ಸ್ಯಾಂಪಲ್

ಮಾರ್ಚ್ 28, ಗುರುವಾರ

ಬೆಳಿಗ್ಗೆಯಿಂದ ಪೊರಕೆ ಎಣಿಕೆ. ಇನ್ನೂರ ಹದಿನಾಲ್ಕು. ರಿಜಿಸ್ಟರ್‌ನಲ್ಲಿ ಇನ್ನೂರ ನಲವತ್ತು. ಉಳಿದವು ಯಾರ ಯಾರ ಮನೆ ಅಂಗಳ ಗುಡಿಸುತ್ತಿವೆ ಅಂತ ಇಡೀ ಪುರಸಭೆಗೆ ಗೊತ್ತು. ಬಾಯಿ ಬಿಡುವವರಿಲ್ಲ. ಸ್ಟೋರ್‌ಕೀಪರ್ ನಾನಲ್ಲವೇ, ಬೈಗುಳ ಮಾತ್ರ ನನ್ನ ಪಾಲು.

ಮಧ್ಯಾಹ್ನ ಖರೀದಿ ಸಮಿತಿ. ಕಸ ಗುಡಿಸುವವರ ಗ್ಲೌಸ್‌ಗೆ ಮೂರು ಟೆಂಡರ್, ಮೂರು ಸ್ಯಾಂಪಲ್. ಗೆದ್ದವನು ಅಧ್ಯಕ್ಷರ ಭಾವಮೈದ. ನಾವು ಅವನನ್ನು ಸೆಂಟು ಅನ್ನುತ್ತೇವೆ — ಆಸಾಮಿ ಮೆಟ್ಟಿಲು ಹತ್ತುವ ಮೊದಲೇ ಘಮ ಬಂದು ಸ್ಟೋರಿನಲ್ಲಿ ಕೂತಿರುತ್ತದೆ. ಸೋಜಿಗವೆಂದರೆ ಅವನ ಸ್ಯಾಂಪಲ್ಲೇ ಚೆನ್ನಾಗಿತ್ತು. ದಪ್ಪ ರಬ್ಬರು, ಒಳಗೆ ಬಟ್ಟೆ. ದರವೂ ಎಲ್ಲರಿಗಿಂತ ಕಡಿಮೆ. ಈ ದರಕ್ಕೆ ಇಂಥ ಮಾಲು ಹೇಗೆ ಕೊಡುತ್ತಾನೆ ಅಂತ ಕೇಳಿದೆ.

"ನಿಮಗ್ಯಾಕಮ್ಮ ಆ ಉಸಾಬರಿ? ಪ್ಯಾಕ್ ಮಾಡಿ ಇಡಿ" ಅಂದರು ಸಾಹೇಬರು, ನಮ್ಮ ಮುಖ್ಯಾಧಿಕಾರಿ.

ಎರಡೂ ಗ್ಲೌಸಿನ ಒಳಮಡಿಕೆಯಲ್ಲಿ ಮಾರ್ಕರ್‌ನಿಂದ ಸಾಹೇಬರ ಸಹಿ. ಕವರಿಗೆ ಹಾಕಿ, ಅರಗು ಸುರಿದು, ಮೊಹರೊತ್ತಿ, ಮೇಲೆ ನನ್ನ ಸಹಿ. ಬೀರುವಿನಲ್ಲಿಟ್ಟು ಬೀಗ. ಮಾಲು ಬಂದ ದಿನ ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂದೇ ಥರ ಇದ್ದರೆ ನಾನು ಸರ್ಟಿಫಿಕೇಟ್ ಬರೆಯಬೇಕು. ಅದು ನಿಯಮ.

ಏಪ್ರಿಲ್ 22, ಸೋಮವಾರ

ಅಕ್ಕನ ಅಂಗೈ ಸೀಳಿದೆ. ಯಾವನೋ ಪುಣ್ಯಾತ್ಮ ಒಡೆದ ಟ್ಯೂಬ್‌ಲೈಟನ್ನು ಕಸದ ಚೀಲಕ್ಕೆ ತುರುಕಿದ್ದ. ಐದು ಹೊಲಿಗೆ. ಹಳೆ ಗ್ಲೌಸ್ ಮುಗಿದು ತಿಂಗಳಾಯಿತು, ಹೊಸದು ಬಂದಿಲ್ಲ. ಸೆಂಟುಗೆ ಫೋನ್ ಮಾಡಿದರೆ "ದಾರೀಲಿದೆ ಮೇಡಂ". ಯಾವ ದಾರಿಯೋ! ನಡೆದುಕೊಂಡು ಬಂದಿದ್ದರೂ ಇಷ್ಟು ಹೊತ್ತಿಗೆ ಮುಟ್ಟುತ್ತಿತ್ತು.

ಅಕ್ಕ ಬೀದಿ ಗುಡಿಸಿಯೇ ನನ್ನನ್ನು ಓದಿಸಿದ್ದು. ಆ ಕೈ. ಸ್ಟೋರಿನ ಕೀಲಿ ನನ್ನ ಸೊಂಟದಲ್ಲಿ, ಅವಳ ಕೈಗೆ ಹೊಲಿಗೆ. ಥೂ ನನ್ನ ಕೆಲಸಕ್ಕೆ!

ಮೇ 2, ಗುರುವಾರ

ಹೊಲಿಗೆ ಬಿಚ್ಚಿದ ಮಾರನೆಯ ದಿನವೇ ಅಕ್ಕ ಕೆಲಸಕ್ಕೆ. ಬೇಡ ಅಂದರೆ ಕೇಳುವ ಪೈಕಿಯೇ?

ಊಟದ ಹೊತ್ತಿನಲ್ಲಿ ಬೀರು ತೆಗೆದೆ. ಮೊಹರು ಒಡೆದೆ. ಸ್ಯಾಂಪಲ್ ಜೋಡಿಯನ್ನು ಟಿಫನ್ ಚೀಲದಲ್ಲಿ ಹಾಕಿಕೊಂಡು ಬಂದೆ. ಲೋಡ್ ಬಂದ ದಿನ ತೊಳೆದು ವಾಪಸ್ ಇಟ್ಟರಾಯಿತು. ಹದಿನೆಂಟು ವರ್ಷದ ಸರ್ವಿಸ್‌ನಲ್ಲಿ ಒಂದು ಪಿನ್ ಮನೆಗೆ ತಂದವಳಲ್ಲ.

ಅಕ್ಕ ಹಾಕಿಕೊಂಡು ಬೆರಳು ಮಡಚಿ ಬಿಚ್ಚಿ ನೋಡಿದಳು. "ಎಲ್ಲರಿಗೂ ಇದೇ ಕೊಡ್ತಾರೇನೇ?"

"ಹೂಂ, ಬರ್ತಾ ಇದೆ."

ಜೂನ್ 10, ಸೋಮವಾರ

ಲೋಡ್ ಬಂತು. ಹರಿದು ಬಿಸಾಕೋಣ ಅನ್ನಿಸಿತು — ಆ ಕಷ್ಟವೂ ಬೇಡ, ಉಗುರು ತಾಗಿದರೆ ತಾನೇ ಹರಿಯುತ್ತದೆ. ಈರುಳ್ಳಿ ಸಿಪ್ಪೆ ಇದಕ್ಕಿಂತ ದಪ್ಪ. ಸರ್ಟಿಫಿಕೇಟ್ ಬರೆಯಲ್ಲ ಅಂದೆ. ಸೆಂಟು ಹಲ್ಲು ಕಿರಿದ. "ಎಲ್ಲಾ ಒಂದೇ ಮಾಲು ಮೇಡಂ, ನಿಮ್ ಕಣ್ಣಿಗೆ ಹಾಗೆ ಕಾಣುತ್ತೆ."

ಮೈಯೆಲ್ಲ ಉರಿಯಿತು. ನೇರ ಸಾಹೇಬರ ಚೇಂಬರಿಗೆ ಹೋಗಿ ಹೊಸ ಮಾಲಿನ ಒಂದು ಜೋಡಿಯನ್ನು ಮೇಜಿನ ಮೇಲೆ ಎಸೆದೆ. ಅವರು ತಲೆ ಕೂಡ ಎತ್ತಲಿಲ್ಲ.

"ಬೇರೆ ಥರ ಇದೆ ಅಂತೀರಾ? ಸರಿ. ಸ್ಯಾಂಪಲ್ ತಗೊಂಡ್ ಬನ್ನಿ."

ಆಗ ನೆನಪಾಯಿತು. ಸ್ಯಾಂಪಲ್ ಆ ಹೊತ್ತಿನಲ್ಲಿ ಮಾರ್ಕೆಟ್ ರಸ್ತೆ ಗುಡಿಸುತ್ತಿತ್ತು. ಬೀರು ಕೀಲಿ ಮನೆಯಲ್ಲಿದೆ ಅಂದೆ. ಕೀಲಿ ಸೊಂಟದಲ್ಲೇ ಇತ್ತು. ಅವರೂ ನೋಡಿದರು.

ಜೂನ್ 11, ಮಂಗಳವಾರ

ಸಾಹೇಬರು ಕರೆಸಿದರು. ಮೇಜಿನ ಮೇಲೆ ಹೊಸ ಕವರ್. ಅರಗು, ಮೊಹರು, ಎಲ್ಲ ತಯಾರು. ಒಳಗೆ ಅದೇ ಸಿಪ್ಪೆ ಗ್ಲೌಸ್, ಅದರ ಮೇಲೂ ಅವರದೇ ಸಹಿ. ನನ್ನ ಸಹಿಯ ಜಾಗ ಮಾತ್ರ ಖಾಲಿ.

"ಬೀರೂಗೆ ನನ್ ಹತ್ರಾನೂ ಒಂದು ಕೀಲಿ ಇದೆಯಮ್ಮ. ಶುಕ್ರವಾರ ತೆಗೆದು ನೋಡ್ದೆ. ಹಳೇದು ಎಲ್ಲಿ ಹೋಯ್ತು ಅಂತ ನಾನು ಕೇಳಲ್ಲ. ಇದು ಎಲ್ಲಿಂದ ಬಂತು ಅಂತ ನೀವು ಕೇಳ್ಬೇಡಿ."

ಶುಕ್ರವಾರ! ಅಂದರೆ ಲೋಡ್ ಬರುವ ಮೊದಲೇ. ಸ್ಯಾಂಪಲ್ ಬದಲಿಸಲೆಂದೇ ಬೀರು ತೆಗೆದಿದ್ದಾರೆ. ಇವರ ಕಳ್ಳತನಕ್ಕೆ ಅಡ್ಡ ಬಂದದ್ದು ನನ್ನ ಕಳ್ಳತನ. ನಾನು ಒಯ್ಯದಿದ್ದರೆ ಅಸಲಿ ಜೋಡಿ ಅಂದೇ ಮಾಯವಾಗುತ್ತಿತ್ತು. ಸಹಿ ಹಾಕಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. "ಯೋಚನೆ ಮಾಡಿ, ಅಲ್ಲೀತನಕ ಮಾಲು ಹಂಚ್ತಾ ಇರಿ" ಅಂದರು.

ಹಂಚಿದೆ. ನಾನೇ, ಈ ಕೈಯಾರೆ, ಒಬ್ಬೊಬ್ಬರ ಹೆಸರು ಕೂಗಿ.

ಜೂನ್ 19, ಬುಧವಾರ

ಎಂಟು ದಿನ ಏನೂ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ.

ಅಕ್ಕನ ಜೊತೆ ಕಸದ ಗಾಡಿ ತಳ್ಳುವವಳಿಗೆ ಇವತ್ತು ಸೂಜಿ ಚುಚ್ಚಿತು. ಯಾವುದೋ ನರ್ಸಿಂಗ್ ಹೋಮ್‌ನ ಕಸದಲ್ಲಿತ್ತಂತೆ. ಗ್ಲೌಸ್ ಹಾಕಿಕೊಂಡಿದ್ದಳು — ನಾನು ಕೊಟ್ಟ ಗ್ಲೌಸ್. ರಕ್ತ ಪರೀಕ್ಷೆ ಇವತ್ತೊಂದು, ಮೂರು ತಿಂಗಳಾದ ಮೇಲೊಂದು. ಅಲ್ಲಿಯವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕು. ಅವಳ ಮಗಳಿಗೆ ಇನ್ನೂ ಎರಡು ವರ್ಷ.

ಅಕ್ಕ ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಕೂಡ ಬಿಡಲಿಲ್ಲ.

"ಅದೇ ಚೀಲಕ್ಕೆ ನಾನೂ ಕೈ ಹಾಕಿದ್ದೆ ಕಣೇ. ನನಗೇನೂ ಆಗ್ಲಿಲ್ಲ. ಯಾಕೆ ಹೇಳು?"

ಎಲ್ಲ ಹೇಳಿದೆ. ಬೀರು, ಮೊಹರು, ಹೊಸ ಕವರ್. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಅವಳ ಮುಂದೆ ಇದನ್ನ ಹಾಕ್ಕೊಂಡು ಓಡಾಡಿದೆನಲ್ಲೇ. ನಂಗೊಬ್ಬಳಿಗೇ ಗಟ್ಟಿದು ತಂದ್ಕೊಟ್ಟು, ಅವರಿಗೆಲ್ಲ ಸಿಪ್ಪೆ ಹಂಚಿದ್ಯಾ? ಇದಕ್ಕಾ ನಿನ್ನ ಓದಿಸಿದ್ದು?"

ಸೊಂಟಕ್ಕೆ ಸಿಕ್ಕಿಸಿದ್ದ ಗ್ಲೌಸ್ ಕಿತ್ತು ನನ್ನ ಮುಂದೆ ಹಾಕಿದಳು. ಏಳು ವಾರದ ಕೊಳೆ. ಒಂದು ತೂತಿಲ್ಲ. ಒಳಮಡಿಕೆ ತಿರುವಿದೆ. ಎಡಗೈಯದ್ದರಲ್ಲಿ ಅಳಿಸಿಹೋಗಿದೆ. ಬಲಗೈಯದ್ದರಲ್ಲಿ, ಬೆವರಿಗೆ ಮಾಸಿದ್ದರೂ, ಸಾಹೇಬರ ಸಹಿ ಇದೆ. ಬಾಲದ ಸುತ್ತು ಸಮೇತ.

ಜೂನ್ 20, ಗುರುವಾರ

ಅರ್ಜಿ ಬರೆದೆ. ನಾಲ್ಕು ಹಾಳೆ ಹರಿದು ಹಾಕಿ, ಐದನೆಯದು. ಮೊದಲ ಸಾಲು: "ಸ್ಯಾಂಪಲ್‌ನ ಮೊಹರು ಒಡೆದು ಹೊರಗೆ ಒಯ್ದವಳು ನಾನೇ." ಇದಿಲ್ಲದೆ ಉಳಿದ ಒಂದು ಸಾಲೂ ನಿಲ್ಲುವುದಿಲ್ಲ. ಕೆಲಸ ಹೋಗುತ್ತದೆ. ಹೋಗಲಿ. ಹೋಗಲಿ ಅಂತ ಬರೆಯುವುದು ಸುಲಭ, ಒಳಗಿರುವುದು ಹೆದರಿಕೆಯೋ ಸಿಟ್ಟೋ ತಿಳಿಯದು. ಸಿಟ್ಟೇ ಇರಬೇಕು.

ನಾಳೆ ಸಾಮಾನ್ಯ ಸಭೆ. ಸದಸ್ಯರೆಲ್ಲ ಇರುತ್ತಾರೆ, ಪತ್ರಿಕೆಯವರೂ. ಅಕ್ಕ ತಾನೂ ಬರುತ್ತಾಳಂತೆ. ಬೇಡ, ನಿನ್ನ ಕೆಲಸಕ್ಕೂ ಕುತ್ತು ಅಂದೆ. "ಬಾಯ್ಮುಚ್ಚು" ಅಂದಳು. ನಿನ್ನೆಯಿಂದ ನನ್ನ ಮುಖ ನೋಡಿ ಆಡಿದ ಮೊದಲ ಮಾತು.

ಜೂನ್ 21, ಶುಕ್ರವಾರ, ಬೆಳಿಗ್ಗೆ 11.10

ಸಭಾಂಗಣದ ಹೊರಗಿನ ಬೆಂಚು. ಒಳಗೆ ಗ್ಲೌಸ್ ಬಿಲ್ ಓದುತ್ತಿದ್ದಾರೆ. ಸೆಂಟಿನ ಘಮ ಕಾರಿಡಾರಿಗೂ ಬರುತ್ತಿದೆ. ಅಕ್ಕ ಪಕ್ಕದಲ್ಲಿ, ಯೂನಿಫಾರ್ಮ್‌ನಲ್ಲೇ. ಗ್ಲೌಸ್ ತೊಳೆದಿಲ್ಲ — ಹಾಗೇ ನೋಡಲಿ ಅಂತ.

ಸಾಹೇಬರು ಬಾಗಿಲಿಗೆ ಬಂದರು. "ಏನಮ್ಮ, ಸೈನ್ ಹಾಕಿದ್ರಾ? ಈಯಮ್ಮನ್ನ ಯಾಕೆ ಇಲ್ಲಿ ಕೂರಿಸಿಕೊಂಡಿದ್ದೀರಾ?"

"ಸ್ಯಾಂಪಲ್ ತಗೊಂಡ್ ಬನ್ನಿ ಅಂದಿದ್ರಲ್ಲ ಸಾರ್" ಅಂದೆ. "ತಂದಿದ್ದೀನಿ."

ಮುಖ ಬಿಳಿಚಿಕೊಂಡಿತು. ಸರ್ರನೆ ಒಳಗೆ ಹೋದರು. ಅಕ್ಕ ಎದ್ದು ಬಲಗೈ ಗ್ಲೌಸ್ ಹಾಕಿಕೊಳ್ಳುತ್ತಿದ್ದಾಳೆ, ಮಡಿಕೆ ಹೊರಗೆ ತಿರುವಿ. ಸರ್ಟಿಫಿಕೇಟಿಗೆಂದು ನನ್ನ ಹೆಸರು ಕೂಗಿದರು. ಅಕ್ಕ ನನ್ನ ಕೈ ಹಿಡಿದು ಎಬ್ಬಿಸುತ್ತಿದ್ದಾಳೆ — ಒಳಗೆ ಹೊರಟೆವು.