ಗುಂಡಿ ಡಬ್ಬಿಯ ಹಳೆಯ ಮಾತ್ರೆಗಳು

ಹಾಸ್ಟೆಲ್, ಹದಿನಾಲ್ಕನೇ ರೂಮು
ಮಾರ್ಚ್ ೯, ಭಾನುವಾರ

ಪ್ರೀತಿಯ ಅಮ್ಮಾ,

ಹಣೆಯ ಗಾಯ ಒಣಗಿತೇ? ಎದ್ದು ನಿಂತರೆ ಈಗಲೂ ಕಣ್ಣು ಕತ್ತಲೆ ಬರುತ್ತದೆಯೇ? ಬೀದಿಯವರ ಬಟ್ಟೆಗೆಲ್ಲ ಹೊಲಿಗೆ ಹಾಕುವವಳ ಹಣೆಗೇ ನಾಲ್ಕು ಹೊಲಿಗೆ ಬಿತ್ತು ಎಂದು ಆಸ್ಪತ್ರೆಯಲ್ಲಿ ನಕ್ಕೆಯಂತೆ. ನನಗೆ ನಗು ಬರಲಿಲ್ಲ. ಫೋನಿನಲ್ಲಿ ಟೆಸ್ಟಿನ ಮಾತಷ್ಟೇ ಆಡಿ ಇಟ್ಟುಬಿಟ್ಟೆ, ಅದಕ್ಕೇ ಈ ಕಾಗದ. ಎರಡು ಸಲ ಬರೆದು ಹರಿದೆ.

ಬಿದ್ದಾಗಿನಿಂದ ನೀನು ಬಿಪಿ ಮಾತ್ರೆಯನ್ನೇ ಬಿಟ್ಟಿದ್ದೀಯ ಎಂದು ಅಕ್ಕ ಹೇಳಿದಳು. 'ಆ ಹೊಸ ಮಾತ್ರೆ ನಂಗಾಗಲ್ಲ ಕಣೇ, ಅದೇ ನನ್ನ ಕೆಡವಿದ್ದು' ಎಂದು ಹಟ ಹಿಡಿದಿದ್ದೀಯಂತೆ. ನಿನ್ನೆ ಬಿಪಿ ನೂರೆಂಬತ್ತು ದಾಟಿತ್ತಂತೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಅಮ್ಮಾ? ನೀನು ನುಂಗುತ್ತಿದ್ದ ಎರಡು ಔಷಧಿಗಳನ್ನೂ ಸೇರಿಸಿದ ಒಂದೇ ಮಾತ್ರೆಯನ್ನು ಡಾಕ್ಟರ್ ಬರೆದಿದ್ದರು, ಒಳಗಿನ ಅಸ್ತರು ಸೇರಿಸಿಯೇ ಹೊಲಿದ ಕೋಟಿನ ಹಾಗೆ. ನೀನೋ ತುಂಡು ದಾರವನ್ನೂ ಎಸೆಯುವವಳಲ್ಲ. ಗುಂಡಿ ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಎರಡನ್ನೂ ಮುಗಿಸಿಬಿಡೋಣವೆಂದು ಮೂರನ್ನೂ ಒಟ್ಟಿಗೆ ತೆಗೆದುಕೊಂಡೆ. ನಾಲ್ಕನೇ ದಿನ ಹೊಲಿಗೆ ಮಷಿನ್ ಬಿಟ್ಟು ಏಳುವಾಗ ತಲೆ ಸುತ್ತಿ ಬಿದ್ದುಬಿಟ್ಟೆ. ಮೂರನ್ನೂ ಯಾಕೆ ನುಂಗಿದಿರಿ ಎಂದು ಡಾಕ್ಟರ್ ಕೇಳಿದ್ದಕ್ಕೆ 'ನಂದೇ ಮರೆವು ಸಾರ್' ಅಂದೆಯಂತೆ.

ಅವರು ಹೇಳಿದ್ದು ಹೊಸದೊಂದೇ, ಬೆಳಿಗ್ಗೆ ಒಂದೇ. ಹಳೆಯವನ್ನು ಅಕ್ಕನ ಕೈಯಲ್ಲಿ ಮೆಡಿಕಲ್ ಶಾಪಿಗೆ ಕಳಿಸಿಬಿಡು. ಡಬ್ಬಿಯಲ್ಲಿ ಗುಂಡಿಗಳೇ ಇರಲಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡ. ಮಂಡಿ ನೋವಿಗೆಂದು ಪಕ್ಕದ ಮನೆ ಅತ್ತೆ ಕೊಡುವ ಮಾತ್ರೆಯ ವಿಷಯವನ್ನೂ ಡಾಕ್ಟರಿಗೆ ಹೇಳು, ಮುಚ್ಚಿಡಬೇಡ, ಕೆಲವು ನೋವಿನ ಮಾತ್ರೆಗಳು ಬಿಪಿ ಏರಿಸುತ್ತವಂತೆ. ಮತ್ತೆ ತಲೆ ಸುತ್ತಿದರೆ ನೀನೇ ನಿಲ್ಲಿಸಬೇಡ, ಅವರಿಗೆ ಫೋನ್ ಮಾಡಿಸು. ಹಾಸಿಗೆಯಿಂದ ಏಳುವಾಗ ಅಂಚಿನಲ್ಲಿ ಒಂದು ನಿಮಿಷ ಕೂತು ಏಳು.

ನಾನು ಊಟ ಮಾಡುತ್ತಿದ್ದೇನೆ. ಸೋಮವಾರ ಕೆಮಿಸ್ಟ್ರಿ ಟೆಸ್ಟ್ ಇದೆ, ಪುಸ್ತಕ ತೆರೆದರೆ ನಿನ್ನ ಹಣೆಯೇ ಕಾಣುತ್ತದೆ. ಅಕ್ಕನಿಗೆ ನನ್ನ ನೆನಪು ಹೇಳು.

ನಿನ್ನ
ಗಡಿಬಿಡಿ ಮಗಳು

ಮರೆತ ಮಾತು: ಮರೆವು ನಿನ್ನದಲ್ಲ, ಅದು ನಿನಗೂ ಗೊತ್ತು. ನೀನು ಮೂರೂ ಸ್ಟ್ರಿಪ್‌ಗಳ ಫೋಟೋ ಕಳಿಸಿ, 'ಎಲ್ಲ ಇಂಗ್ಲಿಷಲ್ಲಿದೆ, ಓದಿ ಹೇಳೇ, ಮೂರೂ ತಗೋಬಹುದಾ?' ಎಂದು ಕೇಳಿದ್ದೆ. ನಾನು ಲ್ಯಾಬಿಗೆ ಓಡುತ್ತಾ 'ಹೂಂ, ತಗೋ' ಎಂದುಬಿಟ್ಟೆ. ಫೋಟೋ ತೆರೆದೇ ನೋಡಿರಲಿಲ್ಲ. ನಿನ್ನೆ ತೆರೆದೆ. ಹಳೆಯ ಎರಡು ಔಷಧಿಗಳ ಹೆಸರುಗಳೂ ಹೊಸ ಸ್ಟ್ರಿಪ್ಪಿನ ಬೆನ್ನ ಮೇಲೆ ಸ್ಪಷ್ಟವಾಗಿ ಅಚ್ಚಾಗಿವೆ. ನಿನ್ನನ್ನು ಕೆಡವಿದವಳು ನಾನು ಅಮ್ಮಾ. ಅಕ್ಕನಿಗೂ ಹೇಳು, ಡಾಕ್ಟರಿಗೂ ಹೇಳು, ಎಷ್ಟು ಬೇಕಾದರೂ ಬಯ್ಯಿ. ಆ ಒಂದು ಮಾತ್ರೆಯ ಮೇಲೆ ಮುನಿಯಬೇಡ.