ದಿನನಿತ್ಯ ಬಳಕೆ: ಹೌದು

ಜನವರಿ 8, ಗುರುವಾರ. ಸಂಜೆ 6

ಶಲವಡಿ. ಇವತ್ತು ಹನ್ನೊಂದು ಮನೆ ಮುಗಿಸಿದೆ. ನಮ್ಮ ಕಂಪನಿ ಪುಕ್ಕಟೆ ಹಂಚಿದ, ಹೊಗೆ ಕಡಿಮೆಯ ಒಲೆಗಳ ಸರ್ವೆ. ಎಲ್ಲರ ಮನೆಯಲ್ಲೂ ಒಲೆ ಥಳಥಳ — ಹೊತ್ತಿಸಿದರೆ ತಾನೆ ಮಸಿ ಹಿಡಿಯುವುದು. ಮುದುಕಿ ರೇವವ್ವನ ಮನೆಯಲ್ಲಿ ಅದರ ಮೇಲೆ ಉಳ್ಳಾಗಡ್ಡಿ ಬುಟ್ಟಿ.

"ಒಮ್ಮೊಮ್ಮಿ ಚಾ ಕಾಸ್ತೀನಿ ಯವ್ವಾ. ರೊಟ್ಟಿ ಆಗೂದಿಲ್ಲ. ಹಂಚು ಕುಂದ್ರೂದಿಲ್ಲ. ಒಲಿ ಬಾಯಿಗೆ ರೊಟ್ಟಿ ನಿಲ್ಲಿಸಿ ಸುಡೂಣಂದ್ರ ಕೆಂಡನ ಹೊರಗ ಬರೂದಿಲ್ಲ."

ಜೋಳದ ರೊಟ್ಟಿಯ ಊರಿಗೆ ರೊಟ್ಟಿ ಆಗದ ಒಲೆ. ಯಾವ ಜಾಣ ಮಾಡಿದನೋ. ಹಾಗಂತ ಬರೆಯಬೇಕಿತ್ತು. ಟ್ಯಾಬಿನಲ್ಲಿ 'ದಿನನಿತ್ಯ ಬಳಕೆ: ಹೌದು' ಒತ್ತಿದೆ. ಹನ್ನೊಂದಕ್ಕೂ. 'ಇಲ್ಲ' ಒತ್ತಿದರೆ ಮತ್ತೆ ಇಪ್ಪತ್ತು ಪ್ರಶ್ನೆ... ಐದರ ಬಸ್ಸು ತಪ್ಪುತ್ತಿತ್ತು.

ಜನವರಿ 21

ಅಣ್ಣಿಗೇರಿ ಆಫೀಸಿನಲ್ಲಿ ಮೀಟಿಂಗ್. ನಮ್ಮ ಮ್ಯಾನೇಜರ್ ಪ್ರಭಂಜನ ಸರ್ ಮೊದಲ ಸಲ ಬಿಡಿಸಿ ಹೇಳಿದರು. ಹೊರದೇಶದ ಒಂದು ಸರ್ಕಾರ ಇಷ್ಟು ಹೊಗೆ ಕಡಿಮೆ ಮಾಡುತ್ತೇನೆಂದು ಜಗತ್ತಿಗೆ ಮಾತು ಕೊಟ್ಟಿದೆ. ತನ್ನಲ್ಲಿ ಆಗದಷ್ಟನ್ನು ನಮ್ಮಿಂದ ಕಾರ್ಬನ್ ಕ್ರೆಡಿಟ್ ಎಂದು ಕೊಳ್ಳುತ್ತದೆ. ಶಲವಡಿಯಲ್ಲಿ ಉಳಿಸಿದ ಹೊಗೆ ಅವರ ಲೆಕ್ಕಕ್ಕೆ.

ಶಲವಡಿಯಲ್ಲಿ ಎಷ್ಟು ಉಳಿದಿದೆ ಎಂದು ನನಗೆ ಗೊತ್ತು.

27ಕ್ಕೆ ಹೊರಗಿನವರು ಮನೆಮನೆ ತಪಾಸಣೆಗೆ ಬರುತ್ತಾರೆ. ಹಳೆಯ ಮಣ್ಣಿನ ಒಲೆ ಕಾಣಬಾರದು.

ಜನವರಿ 25

ಹನ್ನೊಂದೂ ಮನೆಗೆ ಹೇಳಿ ಬಂದೆ. ರೇವವ್ವನಿಗೂ.

"ಹಳೇ ಒಲಿ ಇಲ್ಲ ಅನ್ರಿ ಆಯಿ. ಮ್ಯಾಲೊಂದು ಚೀಲ ಮುಚ್ಚರಿ. ಇಲ್ಲಂದ್ರ ನನ್ನ ನೌಕರಿ ಹೋಗ್ತದ್ರಿ."

"ಇದ್ದದ್ದನ್ನ ಇಲ್ಲ ಅನ್ನೂದು ಹೆಂಗ?"

"ಒಂದು ತಾಸಿನ ಮಾತ್ರಿ."

ಎದ್ದು ಒಳಗೆ ಹೋದಳು. ಒಪ್ಪಿದಳು ಅಂದುಕೊಂಡೆ.

ಜನವರಿ 27

ರೇವವ್ವ ಒಡೆದುಬಿಟ್ಟಿದ್ದಾಳೆ. ಬೇರೆಯವರೆಲ್ಲ ಚೀಲ ಮುಚ್ಚಿದ್ದರು. ಇವಳು ಒಲೆಯನ್ನೇ ಒಡೆದು ಮಣ್ಣನ್ನು ತಿಪ್ಪೆಗೆ ಹಾಕಿದ್ದಾಳೆ. ಅತ್ತೆ ಕಟ್ಟಿದ ಒಲೆ, ನಲವತ್ತು ವರ್ಷ ದಿನಾ ಸಾರಿಸಿದ್ದು. ಹಳೆಯ ಒಲೆ ಇದೆಯೇ ಎಂದು ತಪಾಸಣೆಯವರು ಕೇಳಿದರು. "ಇಲ್ರಿ" ಎಂದಳು, ನೆಟ್ಟಗೆ ನೋಡಿ. ಫೋಟೋ ತೆಗೆದುಕೊಂಡು ಖುಷಿಯಿಂದ ಹೋದರು.

"ಯಾಕ ಹಿಂಗ ಮಾಡಿದ್ರಿ ಆಯಿ?"

"ಸುಳ್ಳ ಹೇಳಾಕ ನನಗ ಬರೂದಿಲ್ಲ. ನಿನ್ನ ಅನ್ನಾನೂ ಹೋಗಬಾರದಲ್ಲ."

ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಪಕ್ಕದವಳು ಯಾರು ತೀರಿಕೊಂಡರು ಎಂದು ಕೇಳಿದಳು.

ಏಪ್ರಿಲ್ 9

ಎರಡೂವರೆ ತಿಂಗಳು ಶಲವಡಿ ಕಡೆ ಮುಖ ಹಾಕಿರಲಿಲ್ಲ. ನಾಚಿಕೆ. ಇವತ್ತು ಹೋದೆ. ರೇವವ್ವ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಹತ್ತಿಕಟ್ಟಿಗೆ ಉರಿಸಿ, ಬಿಸಿಲಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ. ಗಾಳಿಗೆ ಹೊಗೆಯೆಲ್ಲ ಮುಖಕ್ಕೆ, ಮೊದಲಿಗಿಂತ ಹೆಚ್ಚು. ಕೆಮ್ಮು ನಿಲ್ಲುತ್ತಿಲ್ಲ.

"ಒಳಗ ಮತ್ತೊಂದು ಒಲಿ ಕಟ್ಟಕೋರಿ."

"ಇಲ್ಲ ಅಂತ ಅವರಿಗೆ ಹೇಳೇನಿ. ಮತ್ತ ಹೆಂಗ ಕಟ್ಲಿ?"

"ಅವರೇನ್ ತಿರುಗಿ ಬರೂದಿಲ್ರಿ ಆಯಿ."

"ಬರ್ಲಿ ಬಿಡ್ಲಿ. ಮಾತು ಕೊಟ್ಟೇನಿ."

ಸಂಜೆ ಗ್ರೂಪಿನಲ್ಲಿ ಸರ್ ಮೆಸೇಜು. ಕ್ರೆಡಿಟ್ ಪಾಸಾಯಿತು, ಆ ಸರ್ಕಾರ ತನ್ನ ವಾಗ್ದಾನದ ಲೆಕ್ಕಕ್ಕೆ ಹಿಡಿದುಕೊಂಡಿದೆ. ಎಲ್ಲರೂ ಚಪ್ಪಾಳೆ ಹಾಕಿದ್ದರು. ನಾನೂ ಒಂದು ಒತ್ತಿದೆ. ಥೂ ನನ್ನ.

ಏಪ್ರಿಲ್ 10, ಬೆಳಿಗ್ಗೆ 7

ಸರ್‌ಗೆ ಮೇಲ್. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಸರ್, ಶಲವಡಿಯ ಹನ್ನೊಂದು ಮನೆಗಳಲ್ಲಿ ನಮ್ಮ ಒಲೆ ದಿನಾ ಹೊತ್ತುವುದಿಲ್ಲ. ಹೊತ್ತುತ್ತದೆ ಎಂದು ಬರೆದವಳು ನಾನು. ಹತ್ತು ಮನೆಗಳಲ್ಲಿ ಹಳೆಯ ಒಲೆ ಇನ್ನೂ ಇದೆ. ಹನ್ನೊಂದನೆಯ ಮನೆಯಲ್ಲಿ...