ಹೊರಗೆ ಭಜನೆ, ಒಳಗೆ ಸೋಬಾನೆ

ಶ್ರೀರಾಂಪುರದ ಆಚೆಯ ತೋಟದ ಮನೆ
೧೨ ನವೆಂಬರ್ ೨೦೨೫, ಬುಧವಾರ

ನನ್ನ ಜೊತೆಗಾತಿ ಮುದ್ದಕ್ಕನಿಗೆ ಏಕನಾಥಮ್ಮನ ನಮಸ್ಕಾರ.

ಕ್ಷೇಮ ಅಂತ ಬರೆಯುವುದು ವಾಡಿಕೆ, ಆದರೆ ಕೈ ಬರುತ್ತಿಲ್ಲ. ನಿನ್ನ ಮಗ ಲಕ್ಷ್ಮೀಕಾಂತ ಹತ್ತಿರದಲ್ಲಿದ್ದರೆ ಇದನ್ನು ಮಡಚಿಕೊಂಡು ಕೊಟ್ಟಿಗೆಗೆ ಹೋಗಿ ಓದು. ಕನ್ನಡಕ ಹುಡುಕುವುದರಲ್ಲೇ ನಿನಗೆ ಅರ್ಧ ದಿನ ಹೋಗುತ್ತದೆ, ಇವತ್ತು ಬೇಗ ಹುಡುಕು.

ಫೋನು ಬಿಟ್ಟು ಕಾಗದ ಯಾಕೆ ಅನ್ನುತ್ತೀಯ. ಫೋನನ್ನು ಬಾಗಿಲಲ್ಲೇ ಇಸಕೊಂಡರು. ಮನೆಯ ಯಜಮಾನ ಚಿಕ್ಕತಿಮ್ಮಪ್ಪ, "ಪೂಜೆ ಮುಗಿಯೋತನಕ ಇಲ್ಲೇ ಇರ್ಲಿ ಬಿಡ್ರಿ" ಅಂತ ನಗುತ್ತಲೇ ಅಲಮಾರಿಗೆ ಹಾಕಿ ಬೀಗ ಜಡಿದ. ಕಾರ್ತಿಕದ ಭಜನೆ, ಶುಕ್ರವಾರದವರೆಗೆ ಊಟ ನಿದ್ದೆ ಎಲ್ಲ ಇಲ್ಲೇ ಅಂತ ಕರೆಸಿದ್ದರು. ನಾನು ನಿನ್ನೆ ಖುಷಿಯಿಂದಲೇ ಬಂದೆ.

ನನ್ನನ್ನೇ ಯಾಕೆ ಕರೆದರು ಅಂತ ಬಂದ ಮೇಲೆ ತಿಳಿಯಿತು. ನಮ್ಮ ನಲವತ್ತು ವರ್ಷ ನಿನಗೆ ಹೇಳಬೇಕೆ. ಮಾಡದಕೆರೆಯಲ್ಲಿ ಮದುವೆ ಹಸೆಯ ಮುಂದೆ ಸೋಬಾನೆ ಹೇಳುತ್ತಿದ್ದವರು ಹಿರಿಯೂರಿನ ಆರ್ಕೆಸ್ಟ್ರಾ ಸೇರಿ ಸಿನಿಮಾ ಹಾಡಿಗೆ ನಿಂತೆವು. ಗಂಡು ಹಾಡುಗಾರ ಕುಡಿದು ಮಲಗಿದ ದಿನ ಅವನ ಪಾಲನ್ನೂ ನಾನೇ ಹಾಡಿದೆ, ಐಮಂಗಲದ ಜನಕ್ಕೆ ಗೊತ್ತೇ ಆಗಲಿಲ್ಲ. ಚುನಾವಣೆ ಬಂದರೆ ಬೆಳಿಗ್ಗೆ ಒಂದು ಪಕ್ಷದ ಪ್ರಚಾರದ ಆಟೋದಲ್ಲಿ ಹಾಡು, ಸಂಜೆ ಇನ್ನೊಂದು ಪಕ್ಷದ್ದರಲ್ಲಿ. ಸಾವಿನ ಮನೆಗಳಲ್ಲಿ ಬೆಳಗಿನವರೆಗೆ ಭಜನೆ. ಮಗನ ಮರ್ಯಾದೆ ಅಂತ ನೀನು ಹಾಡು ಬಿಟ್ಟು ಕೂತೆ. ನಾನು ಮಾತ್ರ ಯಾವ ಹಾಡಿಗೂ ಆಗುವುದಿಲ್ಲ ಅಂದವಳಲ್ಲ, ಅದೇ ನನ್ನ ಹೆಮ್ಮೆಯಾಗಿತ್ತು.

ಆ ಹೆಮ್ಮೆಯೇ ಇವರಿಗೆ ಬೇಕಾಗಿದ್ದದ್ದು. "ನೀವು ಎಲ್ಲಾ ಥರದ್ದೂ ಹಾಡ್ತೀರಂತೆ" ಅಂತ ಶುರುಮಾಡಿದ ಚಿಕ್ಕತಿಮ್ಮಪ್ಪ. ಶುಕ್ರವಾರ ಬೆಳಗಿನ ಜಾವ ಹೊರಗೆ ಮೈಕಿನಲ್ಲಿ ಜೋರಾಗಿ ಭಜನೆ ನಡೆಯುತ್ತಿರಬೇಕಂತೆ, ಊರವರು ಪೂಜೆ ಅಂದುಕೊಳ್ಳಲಿ ಅಂತ. ಒಳಗೆ ಆಗುವುದು ಮದುವೆ. ಅದಕ್ಕೂ ಮೊದಲು ಅರಿಸಿನದ ಶಾಸ್ತ್ರಕ್ಕೆ ಮೈಕಿಲ್ಲದೆ ಸಣ್ಣಗೆ ಸೋಬಾನೆ ಹೇಳಬೇಕು. "ಹುಡುಗಿ ಹೆಸ್ರು ಸೇರಿಸ್ಬ್ಯಾಡ್ರಿ" ಅಂತ ಎರಡು ಸಲ ಹೇಳಿದ. ಹೆಸರಿಲ್ಲದ ಸೋಬಾನೆ ನಾವು ಎಲ್ಲಿ ಹಾಡಿದ್ದೇವೆ ಮುದ್ದಕ್ಕ? ತನ್ನ ಹೆಸರು ಬಂದಾಗ ತಾನೇ ಮದುಮಗಳು ತಲೆ ಬಗ್ಗಿಸಿ ನಗುವುದು.

ಇವತ್ತು ಬೆಳಿಗ್ಗೆ ಅರಿಸಿನ ಹಚ್ಚಿದರು. ಹುಡುಗಿಯ ಮುಖದ ಮೇಲೆ ಸೆರಗು ಎಳೆದಿದ್ದರು. ನಾನು ಹಾಡುತ್ತಿದ್ದ ಹಾಗೆ ಸೆರಗಿನೊಳಗಿಂದ ಯಾರೋ ನನ್ನ ಸಾಲಿನ ಕೊನೆ ಹಿಡಿದು ಮೆಲ್ಲಗೆ ಗುನುಗಿದರು, ಥೇಟ್ ನೀನು ಹಿಡಿಯುತ್ತಿದ್ದ ಹಾಗೆ. ಬಗ್ಗಿ ಸೆರಗಿನೊಳಗೆ ಇಣುಕಿದೆ. ಅವಳು ನಿನ್ನ ಮೊಮ್ಮಗಳು ಮೇಘಶ್ರೀ. ತಾಯಿ ಹೋದ ಮೇಲೆ ನೀನೇ ಸಾಕಿದ ಮಗು, ಚಿತ್ರದುರ್ಗದ ಹಾಸ್ಟೆಲಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ ಅಂತ ನೀನು ಎಲ್ಲರಿಗೂ ಹೇಳಿಕೊಂಡು ಬರುವ ಮಗು. ವರ ಇವರ ಮಗ ಸುದೀಪ್, ಮೂವತ್ತು ದಾಟಿದವನು. ಅವಳನ್ನು ಹಾಸ್ಟೆಲಿನಿಂದ ಕರೆತಂದು ಇಲ್ಲಿ ಬಿಟ್ಟುಹೋದವನು ಅವಳಪ್ಪ ಲಕ್ಷ್ಮೀಕಾಂತನೇ.

ನೀರು ಕೊಡುವ ನೆಪದಲ್ಲಿ ಹತ್ತಿರ ಹೋದೆ. "ಏಕನಾಥಜ್ಜಿ, ಹಾಸ್ಟೆಲಿಗೆ ಹೋಗಾಣ ಬರ್ರಿ, ಪರೀಕ್ಷೆ ಐತೆ" ಅಂದಳು. ಅಷ್ಟರಲ್ಲಿ ಮನೆಯ ಹೆಂಗಸೊಬ್ಬಳು ಬಂದು ಅವಳನ್ನು ಒಳಕೋಣೆಗೆ ನೂಕಿ ಚಿಲಕ ಹಾಕಿದಳು. ಆಗಿನಿಂದ ಆ ಕೋಣೆಯಿಂದ ಸದ್ದೇ ಇಲ್ಲ. ಅಳುವುದಾದರೂ ಕೇಳಿಸಿದ್ದರೆ ನನಗೆ ಸಮಾಧಾನವಿರುತ್ತಿತ್ತು.

ಹೂವು ತರುವ ದುರುಗಕ್ಕನ ಬುಟ್ಟಿಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಪೊಲೀಸರಿಗೆ ನೀನೇ ಹೇಳು ಅಂದರೆ, "ಅವ್ರ ತೋಟದಾಗೇ ನನ್ನ ಕೂಲಿ ಐತೆ, ನನ್ನ ಬಾಯಿಂದ ಬ್ಯಾಡ" ಅಂತ ಕೈ ಮುಗಿದಳು. ಹೊಳಲ್ಕೆರೆಗೆ ಬಂದು ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾಳೆ. ಸಿಕ್ಕ ಕೂಡಲೇ ಮಕ್ಕಳ ಸಹಾಯವಾಣಿಗೆ ಫೋನು ಮಾಡು. ಕೇಸು ನಿನ್ನ ಮಗನ ಮೇಲೂ ಬೀಳುತ್ತದೆ, ನನಗೆ ಗೊತ್ತು. ಆದರೂ ಮಾಡು. ಮಾಡಿ ನೀನೂ ಇಲ್ಲಿಗೆ ಬಾ.

ಶುಕ್ರವಾರದ ಹೊತ್ತಿಗೆ ಯಾರೂ ಬಾರದಿದ್ದರೆ ನಾನು ಮೈಕಿನ ಮುಂದೆ ಕೂತು ಹೆಣದ ಮುಂದೆ ಹೇಳುವ ಪದವನ್ನೇ ಎತ್ತುತ್ತೇನೆ. ಅದು ಕೇಳಿದರೆ ಊರವರು ಮಾಡುವ ಕೆಲಸ ಬಿಟ್ಟು ಬರುತ್ತಾರೆ. ಸಾವಿನ ಮನೆ ಅಂತ ಬಂದವರನ್ನು ಯಾವ ಯಜಮಾನನೂ ಬಾಗಿಲಲ್ಲಿ ತಡೆಯುವಂತಿಲ್ಲ. ಮದುವೆ ಮನೆಯಲ್ಲಿ ಆ ಪದ ಹೇಳಿದವಳನ್ನು ಆಮೇಲೆ ಯಾರೂ ಕರೆಯುವುದಿಲ್ಲ, ನನ್ನ ಹಾಡು ಅಲ್ಲಿಗೆ ಮುಗಿಯಿತು. ಇವರು ನನ್ನನ್ನು ಏನು ಮಾಡುತ್ತಾರೋ ತಿಳಿಯದು. ನನಗೆ ಹೆದರಿಕೆಯಾಗುತ್ತಿದೆ ಮುದ್ದಕ್ಕ. ಆದರೆ ಬಂದ ಜನ ಚಿಕ್ಕತಿಮ್ಮಪ್ಪನ ಮುಖ ನೋಡಿ ಹಾಗೇ ವಾಪಸು ಹೋದರೆ? ಮಗುವಿನ ಕೈ ಹಿಡಿದು ಹೊರಗೆ ಕರೆತರಲು ಅವಳ ಸ್ವಂತದವರು ಒಬ್ಬರು ಬೇಕು.

ಈ ಕಾಗದ ಲಕ್ಷ್ಮೀಕಾಂತನ ಕೈಗೆ ಹೋದರೆ ಅವನು ಇವರಿಗೆ ತಿಳಿಸಿಬಿಡುತ್ತಾನೆ, ಮೈಕು ನನ್ನ ಕೈ ತಪ್ಪುತ್ತದೆ. ಅದು ತಿಳಿದೇ ಎಲ್ಲವನ್ನೂ ಬರೆದಿದ್ದೇನೆ.

ನಿನ್ನ ದಾರಿ ಕಾಯುತ್ತಿರುವ,
ಏಕನಾಥಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮೇಘಶ್ರೀಗೆ ಉಡಿಸಿದ್ದು ನಿನ್ನ ಹಸಿರು ಸೀರೆ. ಹಾಡು ಬಿಟ್ಟ ದಿನ ಟ್ರಂಕಿಗೆ ಹಾಕಿ, ಬೀಗದ ಕೈಯನ್ನು ತಾಳಿಯ ದಾರಕ್ಕೆ ಕಟ್ಟಿಕೊಂಡೆಯಲ್ಲ, ಅದೇ ಸೀರೆ. "ಅಜ್ಜಿನೇ ಕೊಟ್ಟು ಕಳ್ಸೈತೆ" ಅಂದಳು ಹುಡುಗಿ, ನೀರು ಕುಡಿಯುವಾಗ. ಇರಲಿಕ್ಕಿಲ್ಲ ಅಂತ ನಾನು ಅವಳಿಗೆ ಹೇಳಿದ್ದೇನೆ. ಕೊಟ್ಟಿದ್ದರೂ ಬಾ.